ಒಂದು ದಿನದ ಆಯಾ

ಬೀಗದ ಕೈ ಸೊಂಟಕ್ಕೆ ಒತ್ತುತ್ತಿದೆ, ಬಗ್ಗಿದಾಗಲೆಲ್ಲ ಅದರ ಹಲ್ಲು ಹೊಟ್ಟೆಗೆ ನಾಟುತ್ತದೆ, ಏಪ್ರನ್ನಿನ ಕೆಳಗೆ ನಾನೇ ಸಿಕ್ಕಿಸಿಕೊಂಡದ್ದು, ಕಾಣಬಾರದಲ್ಲ, ಈವತ್ತು ಇನ್ಸ್‌ಪೆಕ್ಷನ್, ಏನೂ ಕಾಣಬಾರದು, ಹಸಿ ಪೇಂಟಿನ ವಾಸನೆಯೊಂದನ್ನು ಮುಚ್ಚಲು ಮಾತ್ರ ಈ ಕಂಪನಿಯವರಿಂದ ಆಗಲಿಲ್ಲ. ಮೊನ್ನೆಯವರೆಗೆ ಈ ಕೋಣೆಯ ತುಂಬ ದಾರದ ಪೆಟ್ಟಿಗೆಗಳು, ಈಗ ಅವೆಲ್ಲ ಹಿಂದಿನ ಮೆಟ್ಟಿಲ ಮೇಲೆ, ಬೆಂಕಿ ಬಿದ್ದರೆ ನಾವು ಇಳಿದು ಓಡಬೇಕಾದ ಮೆಟ್ಟಿಲು ಅದು, ಇಲ್ಲಿ ಮಾತ್ರ ಮೆತ್ತನೆಯ ಚಾಪೆ, ಮಕ್ಕಳ ಎತ್ತರಕ್ಕೆ ಬೇಸಿನ್ನು, ಗೋಡೆಯಲ್ಲಿ ಬಣ್ಣಬಣ್ಣದ ಅಕ್ಷರ, ಪ್ರತಿ ಮಗುವಿಗೂ ಆಡುವ ಹಕ್ಕಿದೆ, ಪ್ರತಿ ಮಗುವಿಗೂ ಸುರಕ್ಷಿತವಾಗಿರುವ ಹಕ್ಕಿದೆ — ಹಕ್ಕು ಒಣಗಿಲ್ಲ, ಮುಟ್ಟಿದರೆ ಕೈಗೆ ಮೆತ್ತುತ್ತದೆ. ಗೋಡೆಯಾಚೆ ಹೊಲಿಗೆ ಯಂತ್ರಗಳು ಗುರ್ರೆನ್ನುತ್ತಿವೆ, ನನ್ನ ಬಲಗಾಲು ಅವುಗಳ ಜೊತೆ ಚಾಪೆಯನ್ನು ಒತ್ತುತ್ತಿದೆ, ಪೆಡಲ್ ಅಂದುಕೊಂಡಿದೆ ಪಾಪ, ನಾನು ಈವತ್ತು ಕಾಲರ್ ಹೊಲಿಯುವವಳಲ್ಲ, ಆಯಾ, ಅಂತ ಅದಕ್ಕೆ ಯಾರೂ ಹೇಳಿಲ್ಲ. ಹಳದಿ ಫ್ರಾಕಿನ ಮಗು ನನ್ನ ಮಂಡಿ ಹಿಡಿದು ನಿಂತಿದೆ, ಆಫೀಸಿನ ದೊಡ್ಡ ಗುಮಾಸ್ತರ ಮೊಮ್ಮಗಳು, ಬಿಸ್ಕತ್ತು ಮೆತ್ತಿದ ಪುಟ್ಟ ಬೆರಳು — ಬೆರಳು ಬೇಡ, ಈಗ ಅದು ಬೇಡ. ಆದರೂ ಬರುತ್ತದೆ, ದಿನಾ ಬೆಳಿಗ್ಗೆ ನಾನು ಮನೆಗೆ ಹೊರಗಿನಿಂದ ಬೀಗ ಹಾಕುತ್ತೇನೆ, ನನ್ನ ಮಗಳು ಒಳಗೆ ನೆಲಕ್ಕೆ ಬೋರಲು ಮಲಗಿ ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಬೆರಳು ಹೊರಗೆ ಚಾಚುತ್ತಾಳೆ, ಅಮ್ಮಾ ಮುಟ್ಟು, ನಾನು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮುಟ್ಟಬೇಕು, ಕಿರುಬೆರಳನ್ನು ಕೊನೆಗೆ, ಆಮೇಲೆ ಅವು ಒಳಗೆ ಹೋಗುತ್ತವೆ, ಅದು ನಮ್ಮಿಬ್ಬರ ಕರಾರು. ಅತ್ತೆ ಇದ್ದಷ್ಟು ದಿನ ಮಗು ಅವರ ಮಡಿಲಲ್ಲಿತ್ತು, ಅವರು ಹೋದಮೇಲೆ ಬೀಗವೇ ಅದಕ್ಕೆ ಅಜ್ಜಿ. ಈವತ್ತು ಕಂಪನಿ ವ್ಯಾನು ಬೇಗ ಬಂದು ಬೀದಿಯಲ್ಲಿ ಹಾರ್ನ್ ಮೇಲೆ ಹಾರ್ನ್, ಡ್ರೈವರ್ ಕೂಗುತ್ತಾನೆ, ಬರ್ತೀಯೇನಮ್ಮ ಆಯಮ್ಮಾ, ಇಲ್ಲಾ ಪಲ್ಲಕ್ಕಿ ಕಳಿಸ್ಲಾ, ನಾನು ಓಡಿದೆ, ಮುಟ್ಟಲಿಲ್ಲ. ಬೆರಳು ಹೊರಗೇ ಇದ್ದವು, ಓಡುತ್ತಾ ತಿರುಗಿದಾಗ ಕಂಡೆ.

ಬೆಂಕಿಪೊಟ್ಟಣ ಅಟ್ಟದ ಮೇಲಿದೆ, ಚಾಕು ಅಟ್ಟದ ಮೇಲಿದೆ, ಕಿಟಕಿ ಹಾಕಿದ್ದೇನೆ, ತಟ್ಟೆಯಲ್ಲಿ ಬಾಳೆಹಣ್ಣಿದೆ, ಬಕೆಟ್ಟು — ದಿನಾ ನೀರು ಚೆಲ್ಲಿ ಬೋರಲು ಹಾಕುತ್ತೇನೆ, ಹಿಂದಿನ ಬೀದಿಯ ಪೇಂಟರನ ಮಗು ಗೇಣುದ್ದ ನೀರಿನಲ್ಲಿ ತಲೆಕೆಳಗಾಗಿ ಹೋಯಿತು, ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ, ಈವತ್ತು ಚೆಲ್ಲಿದೆನೆ, ಮುಖ ತೊಳೆದದ್ದು ನೆನಪಿದೆ, ಮಗ್ಗು ಒಳಗೆ ಬಿಟ್ಟದ್ದು ನೆನಪಿದೆ, ಆಮೇಲೆ ಹಾರ್ನು. ಚೆಲ್ಲಿರುತ್ತೇನೆ, ಕೈಗೆ ರೂಢಿಯಿದೆ, ಈ ಕಾಲಿಗೆ ಪೆಡಲ್ ರೂಢಿಯಿರುವ ಹಾಗೆ, ಮಗ್ಗು ಒಳಗೆ ಬಿಟ್ಟೆನಲ್ಲ, ಚೆಲ್ಲುವ ಬಕೆಟ್ಟಿಗೆ ಮಗ್ಗು ಯಾಕೆ ಬಿಡುತ್ತೇನೆ. ಈ ಕೋಣೆ, ಈ ಆಯಾ ವೇಷ, ಎಲ್ಲ ನನ್ನ ಬಾಯಿಂದಲೇ ಆದದ್ದು, ಒಂದು ದಿನ ಗೇಟಿನ ಹತ್ತಿರ ಬಟನ್ ಅಕ್ಕ ನಮ್ಮನ್ನೆಲ್ಲ ಸೇರಿಸಿ — ಗುಂಡಿ ಹೊಲಿಯುವ ವಿಭಾಗದಲ್ಲಿದ್ದವಳು, ಕಂಪನಿಗೆಲ್ಲ ಬಟನ್ ಅಕ್ಕ — ಕೇಳ್ರೇ, ಮಕ್ಕಳ ಕೋಣೆ ಕೊಡೋದು ಇವರ ಧರ್ಮ ಅಲ್ಲ, ಕಾನೂನು, ಭಿಕ್ಷೆ ಥರ ಕೇಳ್ಬೇಡಿ, ಏನೇನಿರಬೇಕು ಅಂತ ಬಾಯ್ಬಿಟ್ಟು ಹೇಳಿ ಅಂದಳು, ಎಲ್ಲರೂ ನೆಲ ನೋಡಿದರು, ನಾನು ಹೇಳಿದೆ, ಮಕ್ಕಳ ಎತ್ತರಕ್ಕೆ ಬೇಸಿನ್ನು ಇರಲಿ, ನೀರು ತುಂಬಿಟ್ಟ ಪಾತ್ರೆ ಇರಬಾರದು, ಹಾಲು ಕುಡಿಸೋಕೆ ಒಂದು ಮರೆ ಇರಲಿ, ಮಕ್ಕಳನ್ನ ಕಂಡ್ರೆ ಸಿಡುಕದ ಆಯಾ ಇರಲಿ. ಸೂಪರ್‌ವೈಸರ್ ಹಿಂದೆಯೇ ನಿಂತಿದ್ದ, ಕೊರಳಲ್ಲಿ ಸೀಟಿ ಕಟ್ಟಿಕೊಂಡೇ ಹುಟ್ಟಿದವನ ಹಾಗೆ, ನಮ್ಮ ಬಾಯಲ್ಲಿ ಅವನ ಹೆಸರೂ ಸೀಟಿಯೇ. ಬಟನ್ ಅಕ್ಕನನ್ನು ವಾರದೊಳಗೆ ಗೇಟಿನಾಚೆ ಹಾಕಿದರು, ನನ್ನನ್ನು ಕರೆದು ಸೀಟಿ ಹಲ್ಲು ಕಿರಿದ, ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರಂತೆ, ನೋಡಿದ್ಯಾ, ನೀ ಕೇಳಿದ್ದೆಲ್ಲ ಮಾಡಿಸಿದೀನಿ, ಇನ್ಸ್‌ಪೆಕ್ಷನ್ ದಿನ ನೀನೇ ಆಯಾ. ಹಿಗ್ಗಿದೆನಲ್ಲ, ಮೂರ್ಖಳು, ಹಾಗಾದ್ರೆ ನನ್ನ ಮಗೂನೂ ಕರ್ಕೊಂಡ್ ಬರ್ಲಾ ಸರ್ ಅಂತ ಕೇಳಿದೆನಲ್ಲ. ಆ ಮೂಗು ಸೋರೋದನ್ನಾ, ಫೋಟೋ ತೆಗೀತಾರಮ್ಮಾ, ಆಫೀಸಿನೋರ ಮಕ್ಕಳು ಬರ್ತಾವೆ, ನೀನು ನಗ್ತಾ ಇರು ಸಾಕು. ಆನೆಗೆ ತೋರಿಸುವ ಹಲ್ಲು ಬೇರೆ, ಅಗಿಯುವ ಹಲ್ಲು ಬೇರೆ, ಇವರು ನನ್ನ ಮಾತನ್ನೇ ಕಿತ್ತು ತೋರಿಸುವ ಹಲ್ಲು ಮಾಡಿಕೊಂಡರು. ನಾಳೆ ಚಾಪೆ ಸುತ್ತುತ್ತಾರೆ, ಪೆಟ್ಟಿಗೆಗಳು ಮತ್ತೆ ಒಳಗೆ ಬರುತ್ತವೆ, ಬೇಸಿನ್ನಿಗೆ ನಲ್ಲಿ ಜೋಡಿಸಿದ್ದಾರೆ, ಪೈಪು ಜೋಡಿಸಿಲ್ಲ.

ಬಂದರು, ಇನ್ಸ್‌ಪೆಕ್ಟರ್ ಮೇಡಂ, ಮುಖದಲ್ಲಿ ಸಿಡುಕಿಲ್ಲ, ಅದೇ ಕಷ್ಟ, ಕೆಟ್ಟವಳಾಗಿದ್ದರೆ ಬೈದುಕೊಂಡು ಸುಮ್ಮನಿರಬಹುದಿತ್ತು, ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಮಂಡಿಯೂರಿ ಕೂರುತ್ತಾರೆ, ಮಕ್ಕಳ ಕಣ್ಣಿನೆತ್ತರದಿಂದ ಕೋಣೆ ನೋಡುತ್ತಾರೆ, ನಾನೂ ಹಾಗೇ ನೋಡಿ ಕೇಳಿದ್ದು ಇದನ್ನೆಲ್ಲ, ಇವರಿಗೆ ಹೇಳಬಹುದು, ಇವರಿಗೆ ಹೇಳಿದರೆ — ಸೀಟಿ ಅವರ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಾನೆ, ಗೇಟು, ಗೇಟಿನಾಚೆ ಬಟನ್ ಅಕ್ಕ, ಅವಳನ್ನು ಈಗ ಯಾವ ಕಂಪನಿಯೂ ಒಳಗೆ ಬಿಡುವುದಿಲ್ಲ. ಎಷ್ಟು ವರ್ಷದಿಂದ ಇಲ್ಲಿ ಆಯಾ ಆಗಿದೀರಿ, ಮೇಡಂ ಕೇಳುತ್ತಾರೆ, ನನ್ನ ಬದಲು ಸೀಟಿ ಹೇಳುತ್ತಾನೆ, ಶುರುವಿಂದಾನೂ ಇವರೇ ಮೇಡಂ. ಸುಳ್ಳಲ್ಲ, ಬೆಳಗಿನಿಂದ ನಾನೇ. ನಿಮಗೂ ಮಕ್ಕಳಿದಾರಾಮ್ಮ, ಹೂಂ ಅನ್ನುತ್ತೇನೆ, ಹೂಂ ಮೇಡಂ, ಒಬ್ಬಳು. ಇಲ್ಲೇ ಇದಾಳಾ, ಯಾವುದು ನಿಮ್ಮದು? ಹೇಳು, ಈಗ ಹೇಳು, ಬಾಯಿದ್ದವಳಲ್ಲವೇ, ಬೀಗ ಹಾಕಿ ಬಂದಿದೀನಿ ಮೇಡಂ, ಬಕೆಟ್ಟಲ್ಲಿ ನೀರಿದೆಯೋ ಏನೋ, ಈಗಲೇ ಬನ್ನಿ, ನಿಮ್ಮ ಗಾಡೀಲಿ ಹೋಗೋಣ — ನಾಲಗೆ ಎಲ್ಲಿ ಹೋಯಿತು, ಕೈ ಹೋಗುತ್ತಿದೆ, ಏಪ್ರನ್ನಿನ ಕೆಳಗೆ, ಸೊಂಟಕ್ಕೆ, ಅಂಗೈ ತೆರೆದಿದೆ, ಬೆವರಿನಲ್ಲಿ ನೆಂದ ಬೀಗದ ಕೈ, ತಗೊಳ್ಳಿ ಮೇಡಂ, ಇದೇ ನನ್ನದು, ಅನ್ನಬೇಕು, ಅನ್ನುತ್ತೇನೆ, ಉಸಿರು ಮಾತ್ರ ಬರುತ್ತದೆ. ಮೇಡಂ ಹುಬ್ಬೇರಿಸುತ್ತಾರೆ, ಇದೇನಮ್ಮಾ? ಸೀಟಿ ನಗುತ್ತಾನೆ, ಆಟಿಕೆ ಬೀರುವಿಂದು ಮೇಡಂ, ಯಾರ ಕೈಗೂ ಕೊಡಲ್ಲ ಈಯಮ್ಮ, ಅಷ್ಟು ಜವಾಬ್ದಾರಿ, ಅಕೋ ಆ ಹಳದಿ ಫ್ರಾಕೇ ಇವರ ಮಗಳು, ಹೇಗೆ ಅಂಟ್ಕೊಂಡಿದೆ ನೋಡಿ. ಮೇಡಂ ನನ್ನ ಬೆರಳುಗಳನ್ನು ಬೀಗದ ಕೈಯ ಮೇಲೆ ಮೆಲ್ಲಗೆ ಮಡಚುತ್ತಾರೆ, ಜೋಪಾನಮ್ಮ, ನಿಮ್ಮಂಥೋರು ಎಲ್ಲಾ ಕಡೆ ಇರಬೇಕು ಅನ್ನುತ್ತಾರೆ, ಹಳದಿ ಫ್ರಾಕನ್ನು ನನ್ನ ಮಡಿಲಿಗೆ ಹತ್ತಿಸುತ್ತಾರೆ, ಫೋಟೋದವನು ಕೂಗುತ್ತಾನೆ, ನಗಿ, ಇಲ್ಲಿ ನೋಡಿ, ಕ್ಯಾಮೆರಾದ ಬೆಳಕು, ಏನೂ ಕಾಣುವುದಿಲ್ಲ, ನಮ್ಮ ಬಾಗಿಲ ಸಂದಿ ಮಾತ್ರ ಕಾಣುತ್ತದೆ, ನನ್ನ ಮಗಳು ಹಟಮಾರಿ, ನಾನು ಮುಟ್ಟದೆ ಬೆರಳು ಒಳಗೆಳೆದುಕೊಳ್ಳುವವಳಲ್ಲ, ಎಳೆದುಕೊಳ್ಳಬೇಡ ಕಂದ, ಅಲ್ಲೇ ಮಲಗಿರು, ಬೆರಳು ಅಲ್ಲಿರುವಷ್ಟು ಹೊತ್ತು ಬಕೆಟ್ಟಿನ ಹತ್ತಿರ ನೀನಿಲ್ಲ, ಇರು, ಬಾಗಿಲ ಕೆಳಗೆ ನಾಲ್ಕು ಬೆರಳು, ಕಿರುಬೆರಳು ಕೊನೆಗೆ, ಬಾಗಿಲ ಕೆಳಗೆ ನಾಲ್ಕು ಬೆರಳು, ಬಾಗಿಲ ಕೆಳಗೆ