ಸೋಲಿನ ಬಗ್ಗೆ ಐನೂರು ಪದ

ಇಂಜಿನಿಯರಿಂಗ್ ಓದಿದವನು ಎಂಬಿಎಗೆ ಯಾಕೆ ಹೋಗುತ್ತಾನೆ ಅನ್ನುವುದಕ್ಕೆ ನಿಜವಾದ ಉತ್ತರ ಎಲ್ಲರಿಗೂ ಗೊತ್ತು. ಶೆಡ್ಡಿನ ಸೆಕೆ ಸಾಕಾಗಿರುತ್ತದೆ. ತನಗಿಂತ ದಡ್ಡನೊಬ್ಬ ಮೇಲಿನ ಮಹಡಿಯ ತಂಪಿನಲ್ಲಿ ಕೂತು ತನ್ನನ್ನು ಕುಣಿಸುತ್ತಿರುತ್ತಾನೆ. ಮನೆಯಲ್ಲಿ ಅಕ್ಕ, "ಇನ್ನೂ ಎಷ್ಟು ವರ್ಷ ಈ ಗ್ರೀಸಿನ ಬಟ್ಟೆ ಒಗೀಬೇಕೋ ನಾನು" ಅನ್ನುತ್ತಿರುತ್ತಾಳೆ. ಅಷ್ಟೇ ಸಂಗತಿ. ಆದರೆ ಅಷ್ಟನ್ನು ಬರೆದುಕೊಟ್ಟರೆ ಯಾವ ಕಾಲೇಜೂ ಸೀಟು ಕೊಡುವುದಿಲ್ಲ. ಹಾಗಾಗಿ ಓದಿದವರೆಲ್ಲ ಕೂತು ಇನ್ನೊಂದು ಉತ್ತರ ಹುಟ್ಟಿಸುತ್ತಾರೆ. ನಮ್ಮ ಸಣ್ಣ ಸಾಹೇಬನೂ ಒಂದನ್ನು ಹುಟ್ಟಿಸಿದ.

ಸಣ್ಣ ಸಾಹೇಬ ಎಂಬ ಹೆಸರು ಶೆಡ್ಡಿನ ಕೆಲಸಗಾರರು ಇಟ್ಟದ್ದು. ಮೈಯೂ ಸಣ್ಣ, ಹುದ್ದೆಯೂ ಸಣ್ಣ. ಎಂಬಿಎ ಪ್ರವೇಶಕ್ಕೆ ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಮಣ್ಣು ಮುಕ್ಕಿದ್ದ. ಲೆಕ್ಕದಲ್ಲಿ ಹುಲಿ, ಸಂದರ್ಶನದಲ್ಲಿ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಇದು ಮೂರನೇ ಸಲ, ಕೊನೇ ಸಲ. ಈ ಸಲವೂ ಆಗದಿದ್ದರೆ ಆ ಶೆಡ್ಡಿನಲ್ಲೇ ತಲೆ ಹಣ್ಣಾಗುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು.

ಶೆಡ್ಡಿನಲ್ಲಿ ಸೇತುವೆಗೆ ಬೇಕಾದ ಉಕ್ಕಿನ ತೊಲೆಗಳನ್ನು ಮಾಡುತ್ತಿದ್ದರು. ತೊಲೆಗೆ ಉಕ್ಕಿನ ಹಗ್ಗ ಬಿಗಿದು ಕ್ರೇನಿಗೆ ಸಿಕ್ಕಿಸುವವನನ್ನು ಎಲ್ಲರೂ ಹಗ್ಗದಣ್ಣ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಪಾಳಿಗೆ ಮೊದಲು ಅವನು ಹತ್ತಿಬಟ್ಟೆಯ ಚೂರೊಂದನ್ನು ಹಗ್ಗದ ಉದ್ದಕ್ಕೂ ಸವರಿಕೊಂಡು ಹೋಗುತ್ತಿದ್ದ. ಎಲ್ಲಿ ಉಕ್ಕಿನ ಎಳೆ ಮುರಿದಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಜಾಗಗಳನ್ನು ಬಾಯಲ್ಲಿ ಎಣಿಸುತ್ತಿದ್ದ. ಒಂದು ಗೇಣಿನಲ್ಲಿ ಐದಾರು ದಾಟಿದರೆ ಆ ಹಗ್ಗ ಮೂಲೆಗೆ ಎಂಬುದು ಅಲ್ಲಿಯ ಕಟ್ಟಳೆ.

ಒಂದು ಬೆಳಿಗ್ಗೆ ಅವನು ಸಣ್ಣ ಸಾಹೇಬನ ಮೇಜಿನ ಹತ್ತಿರ ಬಂದ.

"ಸಾಹೇಬ್ರೆ, ಒಂದೇ ಗೇಣಲ್ಲಿ ಒಂಬತ್ತು ಕಡೆ ಸಿಕ್ಕಾಕೊಳ್ತಿದೆ. ಈ ಹಗ್ಗ ಬೇಡ."

ಹೊಸ ಹಗ್ಗ ಬೇಕೆಂದರೆ ಉಗ್ರಾಣದಿಂದ ತರಿಸಬೇಕು, ಮೂವರ ಸಹಿ ಬೇಕು, ಅರ್ಧ ದಿನ ಹೋಗುತ್ತದೆ. ಗೇಟಿನಲ್ಲಿ ಲಾರಿ ಕಾಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಗಂಟೆಗೆ ಸಣ್ಣ ಸಾಹೇಬನಿಗೆ ಕೋಚಿಂಗ್ ಕ್ಲಾಸಿನಲ್ಲಿ ಅಣಕು ಪರೀಕ್ಷೆಯಿತ್ತು.

"ಇವತ್ತೊಂದಿನ ನಡೀಲಿ. ನಾಳೆ ಬದಲಾಯಿಸೋಣ," ಅಂದ.

ಹಗ್ಗದಣ್ಣ ಹೋಗಿ ಅದೇ ಹಗ್ಗವನ್ನು ತೊಲೆಗೆ ಬಿಗಿದ. ಊಟದ ಗಂಟೆಗೆ ಮೊದಲು, ಮೂರನೇ ತೊಲೆ ಮೇಲೇರುವಾಗ ಹಗ್ಗ ಕಡಿಯಿತು. ತೊಲೆಯಡಿ ಸಿಕ್ಕ ಹಗ್ಗದಣ್ಣನನ್ನು ಹೊರಗೆ ತೆಗೆಯಲು ಅದೇ ಕ್ರೇನು ಬೇಕಾಯಿತು, ಮತ್ತೊಂದು ಹಗ್ಗ ಬೇಕಾಯಿತು. ಆ ಹಗ್ಗ ಉಗ್ರಾಣದಿಂದ ಯಾರ ಸಹಿಯೂ ಇಲ್ಲದೆ ಹತ್ತು ನಿಮಿಷದಲ್ಲಿ ಬಂತು.

ವಿಚಾರಣೆ ನಡೆಯಿತು. ಹಗ್ಗದಲ್ಲೇ ಒಳದೋಷವಿತ್ತು, ಆಕಸ್ಮಿಕ ಎಂದು ಬರೆದು ಮುಗಿಸಿದರು. ಸಣ್ಣ ಸಾಹೇಬನನ್ನು ಕೇಳಿದ್ದು ಎರಡೇ ಪ್ರಶ್ನೆ. ಬೆಳಿಗ್ಗೆ ಹಗ್ಗದಣ್ಣ ಬಂದು ಏನಾದರೂ ಹೇಳಿದನೇ ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಅವನು ಹೇಳಲಿಲ್ಲ. ಸತ್ತವನ ಹೆಂಡತಿಗೆ ಉಗ್ರಾಣದಲ್ಲಿ ಕೈಗವಸು, ಟೋಪಿ ಹಂಚುವ ಕೆಲಸ ಸಿಕ್ಕಿತು. ಸಣ್ಣ ಸಾಹೇಬ ತನ್ನ ಕೈಗವಸು ಹರಿದರೂ ಹೊಸದು ಕೇಳಲು ಹೋಗಲಿಲ್ಲ.

ಮೂರನೇ ಸಲದ ಅರ್ಜಿಯಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು: ನಿಮ್ಮ ಬದುಕಿನ ಒಂದು ಸೋಲು, ಅದರಿಂದ ಕಲಿತದ್ದು, ಐನೂರು ಪದ ಮೀರದಂತೆ. ಅವನು ಕೆಟ್ಟುಹೋದ ಪಂಪೊಂದರ ಕಥೆ ಬರೆದುಕೊಂಡು ಹೋದ. ಕೋಚಿಂಗ್ ಕ್ಲಾಸಿನಲ್ಲಿ ಪ್ರಬಂಧ ತಿದ್ದುವ ಮೇಡಂ ಓದಿ ನಕ್ಕಳು.

"ಇದು ಸೋಲಲ್ಲ, ರಿಪೇರಿ. ಎದೆಗೆ ನಾಟೋ ಅಂಥದ್ದು ಏನೂ ಇಲ್ವಾ?"

ಅವನು ಹಗ್ಗದಣ್ಣನ ಸಾವಿನ ಮಾತು ತೆಗೆದ. ಎಷ್ಟೋ ದಿನದಿಂದ ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತ್ತು. ಅದು ಸುಳ್ಳಲ್ಲ. "ಎಳೆ ಮುರಿದಿದೆ ಅಂತ ಮೊದ್ಲೇ ಗೊತ್ತಿತ್ತು ಮೇಡಂ," ಎನ್ನುವವರೆಗೂ ಬಂದ.

ಮೇಡಂ ಪೆನ್ನು ಕೆಳಗಿಟ್ಟಳು. "ಗೊತ್ತಿತ್ತಾ? ಹಾಗಾದ್ರೆ ನೀವು ಹೇಳಿದ್ರಿ, ಮೇಲಿನವರು ಕೇಳ್ಲಿಲ್ಲ. ಹೌದು ತಾನೆ?"

ಇಲ್ಲ ಅನ್ನುವುದಕ್ಕೆ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತಿತ್ತು. ಅವನು ಚಹಾ ಕುಡಿದ.

"ನೋಡಿ, ಸಿಕ್ತು ನಿಮ್ಮ ಉತ್ತರ! ಇಂಜಿನಿಯರಿಗೆ ಅಪಾಯ ಕಾಣುತ್ತೆ, ತೀರ್ಮಾನ ತಗೊಳ್ಳೋ ಅಧಿಕಾರ ಇರಲ್ಲ. ಆ ಕುರ್ಚಿವರೆಗೂ ಹೋಗ್ಬೇಕು ಅಂತಾನೇ ಎಂಬಿಎ. ಇದಕ್ಕಿಂತ ಒಳ್ಳೇ ಕಾರಣ ನಾನು ಕೇಳೇ ಇಲ್ಲ."

ಭಾನುವಾರ ಕೂತು ಬರೆದ. ಹಗ್ಗದಣ್ಣ ಆಡಿದ ಮಾತನ್ನು ತನ್ನ ಬಾಯಿಗೆ ಹಾಕಿಕೊಂಡ. ತಾನು ಆಡಿದ ಮಾತನ್ನು ಯಾರ ಬಾಯಿಗಾದರೂ ಹಾಕಲೇಬೇಕಿತ್ತಲ್ಲ. 'ಹಿರಿಯ ಫೋರ್ಮನ್' ಎಂದು ಬರೆದ. ಆ ಶೆಡ್ಡಿಗೆ ಇದ್ದದ್ದು ಒಬ್ಬನೇ ಹಿರಿಯ ಫೋರ್ಮನ್. ನಲವತ್ತು ವರ್ಷ ಸುತ್ತಿಗೆ ಸದ್ದು ಕೇಳಿ ಕಿವಿ ಮಂದವಾದ ಮುದುಕ, ಎಲ್ಲರ ಬಾಯಲ್ಲೂ ದೊಡ್ಡಪ್ಪ. ಹಗ್ಗದಣ್ಣ ಬಂದು ಹೇಳಿದಾಗ ಆತ ಶೆಡ್ಡಿನ ಇನ್ನೊಂದು ತುದಿಯಲ್ಲಿ ಬೇರೇನೋ ಅಳೆಯುತ್ತಿದ್ದ. ಕಾಲೇಜಿನವರಿಗೆ ಈ ದೊಡ್ಡಪ್ಪ ಯಾರೋ ಎತ್ತಲೋ, ಓದಿ ಕಡತಕ್ಕೆ ಸೇರಿಸುತ್ತಾರೆ, ಯಾರಿಗೇನು ನಷ್ಟ ಎಂದು ಅವನು ಲೆಕ್ಕ ಹಾಕಿದ. ಲೆಕ್ಕದಲ್ಲಿ ಹುಲಿ ಎಂದೆನಲ್ಲ, ಅಂಥ ಹುಲಿ.

ಸಂದರ್ಶನದಲ್ಲಿ ಈ ಕಥೆ ಹೇಳುವಾಗ ಅವನ ನಾಲಿಗೆ ಒಂದು ಸಲವೂ ತಡವರಿಸಲಿಲ್ಲ. ಹಿರಿಯ ಪ್ರೊಫೆಸರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಸೀಟು ಸಿಕ್ಕಿತು. ಅಕ್ಕ ಅವನ ಗ್ರೀಸಿನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಹೊರಗೆ ಹಾಕಿದಳು.

ಅವನು ಮರೆತದ್ದು ಒಂದೇ. ಶೆಡ್ಡು ಬಿಟ್ಟು ಓಡಬೇಕೆಂದು ಕನಸು ಕಾಣುವ ಇಂಜಿನಿಯರ್ ಅವನೊಬ್ಬನೇ ಅಲ್ಲ. ಅವನ ಜಾಗಕ್ಕೆ ಬಂದವನೂ ಆರೇ ತಿಂಗಳಿಗೆ ಅದೇ ಕೋಚಿಂಗ್ ಕ್ಲಾಸು ಸೇರಿದ. ಸೀಟು ತಂದುಕೊಟ್ಟ ಪ್ರಬಂಧ ಹೀಗಿರುತ್ತದೆ ನೋಡಿ ಎಂದು ಮೇಡಂ ಹೆಸರು ಅಳಿಸಿದ ಪ್ರತಿಯೊಂದನ್ನು ಎಲ್ಲರಿಗೂ ಹಂಚಿದಳು. ಹೆಸರು ಅಳಿಸಿದರೇನು, ಒಂಬತ್ತು ಎಳೆ ಅಳಿಸಿರಲಿಲ್ಲ, ಮೂರನೇ ತೊಲೆ ಅಳಿಸಿರಲಿಲ್ಲ. ಶೆಡ್ಡಿನಲ್ಲಿ ಆ ಸಾವಿನ ಕಥೆ ಕೇಳಿದ್ದ ಹುಡುಗ ಅದನ್ನು ತಂದು ಉಗ್ರಾಣದಲ್ಲಿ ಕೂತಿದ್ದವಳಿಗೆ ಓದಿ ಹೇಳಿದ. ಗಂಡನ ಸಾವು ಯಾರ ಕೈಯಲ್ಲೂ ಇರಲಿಲ್ಲ ಎಂದು ನಂಬಿ ವರ್ಷ ಕಳೆದಿದ್ದ ಹೆಂಗಸು ಅವತ್ತು ಮೇಜು ಬಿಟ್ಟು ಎದ್ದು ನೇರವಾಗಿ ಮೇಲಿನ ಮಹಡಿಗೆ ಹೋದಳು. ವಿಚಾರಣೆ ಮತ್ತೆ ಶುರುವಾಯಿತು. ನಿವೃತ್ತಿಗೆ ನಾಲ್ಕೇ ತಿಂಗಳಿದ್ದ ದೊಡ್ಡಪ್ಪನನ್ನು ಗೇಟಿನಿಂದಾಚೆ ನಿಲ್ಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಸುದ್ದಿ ತಿಳಿದು ಅಕ್ಕ ಫೋನು ಮಾಡಿದಳು. "ನೀನು ಬರೆದದ್ದರಿಂದ ಆ ಹೆಂಗಸಿಗೆ ನ್ಯಾಯ ಸಿಗುತ್ತಂತೆ ಕಣೋ. ಓದಿಸಿದ್ದಕ್ಕೂ ಸಾರ್ಥಕ ಆಯ್ತು," ಎಂದು ಅತ್ತಳು. ಇವನು ಹ್ಞೂಂ ಅಂದ. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಸೀಟು ಹೋಗುತ್ತದೆ, ಅಷ್ಟಕ್ಕೇ ನಿಲ್ಲದೆ ಜೈಲೂ ಆದೀತು. ಸುಮ್ಮನಿದ್ದರೆ ಮುದುಕ ಹೋಗುತ್ತಾನೆ. ಆದರೆ ಮುದುಕ ಸುಮ್ಮನಿರುವವನಲ್ಲ, ನಾನು ಹಾಗೆ ಹೇಳೇ ಇಲ್ಲ ಎಂದು ಕೂಗಾಡುತ್ತಾನೆ, ಆಗ ನೋಡಿಕೊಳ್ಳೋಣ ಎಂದು ದಿನ ದೂಡಿದ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವನನ್ನು ನೋಡಲು ಯಾರೋ ಬಂದಿದ್ದಾರೆಂದು ಕಾಲೇಜು ಹಾಸ್ಟೆಲಿನ ಕಾವಲುಗಾರ ಬಂದು ಕರೆದ. ಭೇಟಿಯ ಕೋಣೆಯಲ್ಲಿ ದೊಡ್ಡಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸಣ್ಣ ಸಾಹೇಬ ಬೈಗುಳಕ್ಕೆ, ಬೇಕಾದರೆ ಏಟಿಗೂ ಸಿದ್ಧನಾಗಿ ಎದುರು ನಿಂತ.

ದೊಡ್ಡಪ್ಪ ಎದ್ದು ಅವನ ಎರಡೂ ಕೈ ಹಿಡಿದುಕೊಂಡ.

"ಸಾಹೇಬ್ರೆ, ನನಗೆ ಆ ಬೆಳಿಗ್ಗೆ ಏನೂ ನೆನಪಿಲ್ಲ. ನೀವು ಬಂದಿದ್ದೂ ನೆನಪಿಲ್ಲ, ನಾನು ಅಂದಿದ್ದೂ ನೆನಪಿಲ್ಲ. ಎಷ್ಟು ತಲೆ ಕೆರ್ಕೊಂಡ್ರೂ ಬರ್ತಿಲ್ಲ."

"ದೊಡ್ಡಪ್ಪ, ಅದು..."

"ಆದ್ರೆ 'ಇವತ್ತೊಂದಿನ ನಡೀಲಿ' ಅನ್ನೋದು ನನ್ನ ಬಾಯಲ್ಲಿ ಬರೋ ಮಾತೇ. ಎಷ್ಟು ಸಲ ಅಂದಿದೀನೋ ದೇವರಿಗೇ ಗೊತ್ತು. ಕಿವಿ ಬೇರೆ ಹೀಗೆ. ನೀವು ಓದಿದವರು, ಬರೆದಿಟ್ಟಿದೀರಿ. ಹಾಗಾದ್ರೆ ಆಗೇ ಇರುತ್ತೆ. ಆ ಹೆಣ್ಣುಮಗಳ ಮನೆಗೂ ಹೋಗಿ ಬಂದೆ. ನಾನೇ ಕಣಮ್ಮಾ ಅಂತ ಹೇಳಿ ಬಂದೆ. ಬಾಗಿಲು ಹಾಕ್ಕೊಂಡ್ಳು. ಹಾಕ್ಕೊಳ್ಳದೆ ಏನ್ ಮಾಡ್ತಾಳೆ?"

ಮುದುಕ ಒಂದು ಕೈ ಬಿಟ್ಟು ಚೀಲದಿಂದ ಎರಡು ಹಾಳೆ ತೆಗೆದ. ಒಂದು ಅವನ ತಪ್ಪೊಪ್ಪಿಗೆ, ಸಹಿ ಆಗಲೇ ಬಿದ್ದಿತ್ತು. ಇನ್ನೊಂದರಲ್ಲಿ ಪ್ರಬಂಧದಲ್ಲಿ ಬರೆದದ್ದೆಲ್ಲ ನಡೆದದ್ದೇ ಎಂಬ ಒಂದು ಸಾಲು, ಕೆಳಗೆ ಸಣ್ಣ ಸಾಹೇಬನ ಸಹಿಗೆ ಖಾಲಿ ಜಾಗ.

"ವಿಚಾರಣೆಯವರು ಅಂಚೆಯಲ್ಲಿ ಕಳಿಸ್ತೀವಿ ಅಂದ್ರು. ಬೇಡ, ನಾನೇ ಹೋಗ್ತೀನಿ ಅಂದೆ. ನಿಮ್ಮ ಮುಖ ನೋಡಿ ಒಂದು ಮಾತು ಕೇಳ್ಬೇಕಿತ್ತು. ಅವತ್ತು ನಿಮ್ಮ ಮಾತು ಕೇಳಿದ್ರೆ ಒಂದು ಜೀವ ಉಳೀತಿತ್ತು. ನನ್ನನ್ನ ಕ್ಷಮಿಸ್ತೀರಾ?"

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗುವುದಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುದುಕನ ಬಿಸಿ ಕೈ ಇನ್ನೂ ಅವನ ಕೈ ಬಿಟ್ಟಿರಲಿಲ್ಲ. ಸಣ್ಣ ಸಾಹೇಬನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಕ್ಷಮಿಸಿದೀನಿ ದೊಡ್ಡಪ್ಪ," ಅಂದ.

ಮಂದಕಿವಿಯ ಮುದುಕ ತಲೆ ಹತ್ತಿರ ತಂದ. "ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ."

ಅವನು ಜೋರಾಗಿ, ಆಚೆಯ ಕಾವಲುಗಾರನಿಗೂ ಕೇಳಿಸುವ ಹಾಗೆ ಇನ್ನೊಂದು ಸಲ ಹೇಳಿದ. ಆಮೇಲೆ ಸಹಿ ಹಾಕಿದ.