ಬಂದರಿನ ವೈರ್‌ಲೆಸ್ ಮತ್ತು ಆ ಒಂದು ಗಂಟೆ

ನನಗೆ ಜೀವ ಬಂದದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ಸರೋಜಾಕ್ಷಿ ಎಂಬ ಹೆಂಗಸಿನ ಮೇಜಿನ ಮೇಲೆ. ನನ್ನ ಹೊಟ್ಟೆಯೊಳಗಿನ ಬೆಸುಗೆಗಳನ್ನೆಲ್ಲ ಹಾಕಿದವಳು ಅವಳೇ. ಕೊನೆಗೊಂದು ದಿನ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಸ್ವಿಚ್ ಒತ್ತಿದಳು. ಒಳಗಿಂದ ಗೊರ್ ಎಂಬ ಸದ್ದು ಬಂತು. ಇದು ಬದುಕಿದೆ ಎಂದು ಪಕ್ಕದವಳಿಗೆ ಹೇಳಿ, ನನ್ನ ಬೆನ್ನಿಗೊಂದು ಚೀಟಿ ಅಂಟಿಸಿದಳು.

ನಾನು ಒಂದು ವೈರ್‌ಲೆಸ್ ಸೆಟ್. ಹಾಡು, ವಾರ್ತೆ ನನ್ನ ಕೆಲಸವಲ್ಲ. ದೂರದವರು ಕೂಗಿದರೆ ಕೇಳುವುದು, ಇಲ್ಲಿಂದ ತಿರುಗಿ ಕೂಗುವುದು, ಅಷ್ಟೇ. ಭೂಮಿ ದುಂಡಗಿದೆ, ನನ್ನ ಕೂಗು ನೇರ ಹೋಗುವಂಥದ್ದು. ಹಾಗಾದರೆ ಇನ್ನೂರು ಮೈಲಿ ಆಚೆಯ ಸಮುದ್ರಕ್ಕೆ ಅದು ತಲುಪುವುದು ಹೇಗೆ? ಮೇಲೆ, ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ, ಸೂರ್ಯನ ಬಿಸಿಲಿಗೆ ಗಾಳಿಯ ಕಣಗಳು ಒಡೆದು ವಿದ್ಯುತ್ತು ತುಂಬಿಕೊಂಡ ಪದರಗಳಿವೆ. ನನ್ನ ಅಲೆ ಅಲ್ಲಿಯವರೆಗೆ ಹೋಗಿ, ಬಾಗಿ, ದೂರದಲ್ಲಿ ಕೆಳಗಿಳಿಯುತ್ತದೆ. ನಾನು ದುಡಿದದ್ದೆಲ್ಲ ಆ ಪದರಗಳ ದಯೆಯಿಂದ.

ಮೊದಲ ಹನ್ನೊಂದು ವರ್ಷ ಪೊಲೀಸರ ಬಳಿ ಇದ್ದೆ. ಹೊಸ ಸೆಟ್ ಬಂದಾಗ ನನ್ನನ್ನು ಹರಾಜಿಗಿಟ್ಟರು. ಮಂಗಳೂರಿನ ಹಳೆ ಬಂದರಿನ ಒಂದು ಹಡಗು ಕಂಪನಿ ಕೊಂಡಿತು. ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟು, ಈರುಳ್ಳಿ, ಆಡುಗಳನ್ನು ಸಾಗಿಸುವ, ಮಂಜಿ ಎಂಬ ಮರದ ಹಡಗುಗಳು ಅವರವು. ಗೋದಾಮಿನ ಮಾಳಿಗೆಯ ಒಂದು ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಅಲ್ಲಿ ನನ್ನ ಕಿವಿಯಾದವರು ದೂಮಪ್ಪ ಕರ್ಕೇರರು.

ದೂಮಪ್ಪನವರು ಮಾತು ಕಡಿಮೆಯ ಮನುಷ್ಯ. ಬಂದ ಕೂಡಲೇ ಅಂಗಿಯ ತುದಿಯಿಂದ ನನ್ನ ಮುಖದ ಉಪ್ಪಿನ ಪಸೆ ಒರೆಸುವರು. ಬೆಳಿಗ್ಗೆ ಹನ್ನೊಂದೂವರೆಗೆ ಮಂಜಿಗಳು ಒಂದೊಂದಾಗಿ ಕರೆದು ತಾವೆಲ್ಲಿದ್ದೇವೆ ಎಂದು ಹೇಳಬೇಕು. ಅವರು ಬರೆದುಕೊಳ್ಳಬೇಕು. ಆ ಹೊತ್ತಿಗೆ ಸರಿಯಾಗಿ ಬೀಫಾತುಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುವರು. ಅವರ ಗಂಡ ಹಸನಬ್ಬ ದೊಡ್ಡ ಮಂಜಿಯ ತಂಡೇಲ, ಅಂದರೆ ಅದನ್ನು ನಡೆಸುವವರು. ಗಂಡನ ದನಿ ಕೇಳಿಸಲೆಂದು ದೂಮಪ್ಪನವರು ಹೆಡ್‌ಫೋನ್ ಕಳಚಿ ನನ್ನ ಸ್ಪೀಕರ್ ಹಾಕುವರು. ಎಲ್ಲ ಕ್ಷೇಮ ಎಂಬ ಮಾತು ಬಂದದ್ದೇ ತಡ, ಬೀಫಾತುಮ್ಮ ತಲೆಯ ಬಟ್ಟೆ ಸರಿಪಡಿಸಿಕೊಂಡು ಎದ್ದು ಹೋಗುವರು. ಆ ಕೋಣೆಯ ಮಾತೆಲ್ಲ ತುಳುವಿನಲ್ಲಿ. ನಾನು ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅದು ಮಾರ್ಚ್ ತಿಂಗಳು. ಕಣ್ಣು ಕೋರೈಸುವ ಬಿಸಿಲು, ಮೋಡದ ಸುಳಿವಿಲ್ಲ. ಅಂದು ಹಸನಬ್ಬರ ದನಿಯಲ್ಲಿ ಅವಸರವಿತ್ತು. ತಳದ ಹಲಗೆ ಬಿಟ್ಟಿದೆ, ನೀರು ಒಳಗೆ ಬರುತ್ತಿದೆ, ಪಂಪು ನಡೀತಿದೆ, ಜಲ್ಲಿ ಸಮುದ್ರಕ್ಕೆ ಎಸೀತಿದ್ದೇವೆ ಎಂದರು. ಎಲ್ಲಿದ್ದೀರಿ, ಸರಿಯಾಗಿ ಹೇಳಿ ಎಂದು ದೂಮಪ್ಪ ಪೆನ್ಸಿಲ್ ಎತ್ತಿಕೊಂಡರು. ಹಸನಬ್ಬ ಹೇಳತೊಡಗಿದರು. ಅರ್ಧ ವಾಕ್ಯದಲ್ಲಿ ಅವರ ದನಿ ತೆಳುವಾಯಿತು, ಇನ್ನೂ ತೆಳುವಾಯಿತು, ಆರಿಹೋಯಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮೂವತ್ತೆಂಟು.

ಬರೀ ಆ ದನಿ ಹೋಗಿದ್ದರೆ ದೂಮಪ್ಪ ಕಾಯುತ್ತಿದ್ದರೇನೋ. ನನ್ನ ಗೊರ್ ಸದ್ದೂ ಹೋಯಿತು. ಗುಂಡಿ ತಿರುಗಿಸಿ ಕೊಚ್ಚಿ ನೋಡಿದರು, ಮುಂಬೈ ನೋಡಿದರು, ಕೊಲಂಬೊ ನೋಡಿದರು. ಎಲ್ಲೂ ಏನೂ ಇಲ್ಲ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರು ಯಾರೇ ಆಗಲಿ, ಆ ಮೌನಕ್ಕೆ ಒಂದೇ ಅರ್ಥ ಹೇಳುತ್ತಿದ್ದರು: ಸೆಟ್ ಸತ್ತಿದೆ. ನನಗೂ ಹಾಗೇ ಅನಿಸಿತು.

ಮಂಜಿ ಇರುವ ಜಾಗ ಗೊತ್ತಾಗದೆ ಯಾರಿಗೆ ಫೋನ್ ಮಾಡಿಯೂ ಪ್ರಯೋಜನವಿರಲಿಲ್ಲ. ಅವರು ನನ್ನ ಸ್ವಿಚ್ ಆರಿಸಿದರು. ಮುಚ್ಚಳ ಬಿಚ್ಚಿ ಫ್ಯೂಸ್ ಬದಲಿಸಿದರು, ಒಂದೊಂದು ಬೆಸುಗೆಯನ್ನೂ ಉಗುರಿನಿಂದ ಅಲುಗಿಸಿ ನೋಡಿದರು. ಆಮೇಲೆ ಹೆಂಚಿನ ಮಾಡು ಹತ್ತಿದರು. ಏರಿಯಲ್ ತಂತಿಯ ಒಂದು ಗಂಟು ತುಕ್ಕು ಹಿಡಿದಿತ್ತು. ಇದೇ ಎಂದುಕೊಂಡು ಕತ್ತರಿಸಿ ಹೊಸದಾಗಿ ಕಟ್ಟಿದರು. ಇಳಿದು ಬಂದಾಗ ಅಂಗೈ ಸೀಳಿ ರಕ್ತ ಬರುತ್ತಿತ್ತು. ಬೆಂಚಿನಲ್ಲೇ ಕಾಯುತ್ತಿದ್ದ ಬೀಫಾತುಮ್ಮ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು.

ಹನ್ನೆರಡು ನಲವತ್ತಕ್ಕೆ ನನ್ನನ್ನು ಮತ್ತೆ ಹಾಕಿದರು. ಗೊರ್ ಎಂಬ ಸದ್ದು ಕೋಣೆ ತುಂಬಿತು. "ಸರಿಯಾಯ್ತು," ಎಂದರು ದೂಮಪ್ಪ. ಅವರ ಮುಖದಲ್ಲಿ ನಗು ಬಂದದ್ದನ್ನು ನಾನು ನೋಡಿದೆ. ಹೆಡ್‌ಫೋನ್ ಹಾಕಿಕೊಂಡು ಹಸನಬ್ಬರನ್ನು ಕರೆದರು. ಉತ್ತರ ಕೊಟ್ಟದ್ದು ಕಂಪನಿಯ ಇನ್ನೊಂದು ಮಂಜಿ. ಅದು ಹಸನಬ್ಬರಿಂದ ನಲವತ್ತು ಮೈಲಿ ದೂರದಲ್ಲಿತ್ತು, ಎಷ್ಟು ಧಾವಿಸಿದರೂ ತಲುಪುವಾಗ ರಾತ್ರಿಯಾಗುತ್ತಿತ್ತು. ಎಲ್ಲಿ ಹೋಗಿದ್ದಿರಿ, ಅವರು ನಿಮ್ಮನ್ನೇ ಕೂಗುತ್ತಿದ್ದರು, ಈಗ ಐದು ನಿಮಿಷದ ಹಿಂದಷ್ಟೇ ದನಿ ನಿಂತಿತು ಎಂದು ಅದರ ತಂಡೇಲ ಹೇಳಿದ. ಆ ಮಾತು ಕೇಳಿದವರು ದೂಮಪ್ಪ, ಮತ್ತೆ ನಾನು.

ಹಸನಬ್ಬರಿದ್ದ ಜಾಗವನ್ನು ಅವನಿಂದ ಕೇಳಿ ಬರೆದುಕೊಂಡು ದೂಮಪ್ಪ ಬಂದರಿನ ಅಧಿಕಾರಿಗಳಿಗೆ ಫೋನ್ ಮಾಡಿದರು. ಆ ದಾರಿಯಲ್ಲೇ ಹೋಗುತ್ತಿದ್ದ ಒಂದು ಎಣ್ಣೆ ಹಡಗನ್ನು ತಿರುಗಿಸಿದರು. ಅದು ಸಂಜೆಯ ಹೊತ್ತಿಗೆ ತಲುಪಿತು. ಏಳು ಜನರಲ್ಲಿ ಮೂವರು ಹಲಗೆ ಹಿಡಿದು ತೇಲುತ್ತಿದ್ದರು. ಹಸನಬ್ಬರೂ ಆ ಹಲಗೆಯಲ್ಲೇ ಇದ್ದರಂತೆ. ಹಡಗಿನ ಹೊಗೆ ಕಾಣಿಸಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಅವರ ಕೈ ಜಾರಿತಂತೆ.

ವಿಚಾರಣೆ ನಡೆಯಿತು. ಮೆಕ್ಯಾನಿಕ್ ಒಬ್ಬ ನನ್ನನ್ನು ಬಿಚ್ಚಿ ನೋಡಿ ಯಾವ ದೋಷವೂ ಇಲ್ಲ ಎಂದು ಬರೆದುಕೊಟ್ಟ. ದೋಷವಿಲ್ಲ ಅಂದಮೇಲೆ ದೂಮಪ್ಪ ನಿದ್ದೆ ಹೋಗಿದ್ದರು ಎಂದು ಬಂದರಿನಲ್ಲಿ ಸುದ್ದಿಯಾಯಿತು. ಕಣ್ಣಾರೆ ಕಂಡಿದ್ದ ಬೀಫಾತುಮ್ಮ ಗಂಡ ಹೋದ ದುಃಖದಲ್ಲಿ ಮನೆ ಹಿಡಿದಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಚಹಾದಂಗಡಿಯಲ್ಲಿ ಅವರ ಪಕ್ಕ ಕೂರುವವರಿಲ್ಲವಾಯಿತು. ಒಂದು ತಿಂಗಳು ಅವರು ನನ್ನ ಮುಂದೆ ಬಂದು ಕೂತರೂ ನನ್ನ ಮುಖ ಒರೆಸಲಿಲ್ಲ.

ಆಗ ಬಂದವರು ಗ್ರೇಸಿ ಡಿಮೆಲ್ಲೊ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಡಂ. ಪೇಪರಿನಲ್ಲಿ ಓದಿ, ಆ ದಿನದ ಸೂರ್ಯನ ದಾಖಲೆ ತರಿಸಿಕೊಂಡಿದ್ದರು. ಸೂರ್ಯನ ಮೈಮೇಲೆ ಒಂದು ಜ್ವಾಲೆ ಸಿಡಿದಿದೆ, ಅದರ ಕಿರಣ ಎಂಟು ನಿಮಿಷದಲ್ಲಿ ಭೂಮಿಗೆ ಬಂದು, ಬಿಸಿಲಿದ್ದ ಕಡೆಯಲ್ಲೆಲ್ಲ ಆಕಾಶದ ಕೆಳ ಪದರವನ್ನು ದಟ್ಟ ಮಾಡಿದೆ ಎಂದು ಅಧಿಕಾರಿಗಳಿಗೆ ಬಿಡಿಸಿ ಹೇಳಿದರು. ಅಲೆಗಳು ಮೇಲೆ ಹೋಗಿ ಬಾಗುವ ಬದಲು ಆ ಕೆಳ ಪದರದಲ್ಲೇ ಇಂಗಿಹೋದವು. ದೂರದ ಸಿಡಿಲುಗಳಿಂದ ಬರುವ ಗೊರ್ ಸದ್ದು ಕೂಡ ಇಂಗಿತು. ಹತ್ತಿರದ ಮಂಜಿಗೆ ಕೇಳಿಸಿದ್ದು ಆ ಅಲೆ ನೀರಿನ ಮೇಲೇ ಹೋದದ್ದರಿಂದ. ದೂಮಪ್ಪನವರ ಜಾಗದಲ್ಲಿ ಯಾರಿದ್ದರೂ ಕಿವುಡರೇ ಎಂದರು ಮೇಡಂ. ತಪ್ಪು ಸೂರ್ಯನದು ಎಂದು ಬರೆದು ಅಧಿಕಾರಿಗಳು ಫೈಲು ಮುಚ್ಚಿದರು. ಜನ ಬಂದು ದೂಮಪ್ಪನವರ ಕೈ ಹಿಡಿದು ಕ್ಷಮೆ ಕೇಳಿದರು.

ಮರುದಿನ ಅವರು ಮೇಡಂ ಕೊಟ್ಟ ಕಾಗದವನ್ನು ನನ್ನ ಮೇಲೆ ಹರಡಿಕೊಂಡು ಕೂತರು. ಅದರಲ್ಲಿ ಒಂದು ಗೆರೆ ಏರಿ ಇಳಿದಿತ್ತು. ಶುರು ಹನ್ನೊಂದು ಮೂವತ್ತೆಂಟು. ಅಲೆಗಳಿಗೆ ದಾರಿ ಮತ್ತೆ ತೆರೆದದ್ದು ಹನ್ನೆರಡು ಹತ್ತು. ಅವರ ಬೆರಳು ಹನ್ನೆರಡು ಹತ್ತರಿಂದ ಹನ್ನೆರಡು ನಲವತ್ತಕ್ಕೆ ನಿಧಾನವಾಗಿ ಸರಿಯಿತು. ಅಲ್ಲೇ ನಿಂತಿತು. ಆ ಅರ್ಧ ಗಂಟೆ ಆಕಾಶಕ್ಕೆ ಕಿವಿಯಿತ್ತು. ನಾನು ಮುಚ್ಚಳ ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿದ್ದೆ, ಅವರು ಮಾಡಿನ ಮೇಲೆ, ತುಕ್ಕು ಹಿಡಿದಿದ್ದರೂ ಸರಿಯಿದ್ದ ತಂತಿಯನ್ನು ಕತ್ತರಿಸುತ್ತಿದ್ದರು.

ಹನ್ನೊಂದೂವರೆಗೆ ಬೀಫಾತುಮ್ಮ ಬಂದು ಬೆಂಚಿನ ಮೇಲೆ ಕೂತರು. ಗಂಡ ಹೋದಮೇಲೆ ಬಂದದ್ದು ಅದೇ ಮೊದಲು. ನಿಮ್ಮ ಮೇಲಿನ ಅಪವಾದ ಹೋಯಿತಂತೆ, ಸಮಾಧಾನವಾಯಿತು ಎಂದರು. ದೂಮಪ್ಪ ಎದ್ದು ನಿಂತರು. ಕಾಗದ ತೋರಿಸಿ, ಐದು ನಿಮಿಷದ ಹಿಂದೆ ಎಂದ ಆ ತಂಡೇಲನ ಮಾತನ್ನೂ ಸೇರಿಸಿ, ಎಲ್ಲವನ್ನೂ ಹೇಳಿದರು. "ಸೂರ್ಯ ತಗೊಂಡದ್ದು ಮೊದಲ ಅರ್ಧ ಗಂಟೆ, ಇನ್ನರ್ಧ ನಾನು ತಗೊಂಡದ್ದು," ಎಂದರು.

ಬೀಫಾತುಮ್ಮ ಆ ಕಾಗದದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು: "ಕೊನೆಗೆ ಅವರು ಏನು ಹೇಳಿದ್ರಂತೆ?"

"ನನ್ನ ಹೆಸರು ಹಿಡಿದು ಕರೆದ್ರಂತೆ. ದೂಮಣ್ಣ, ಕೇಳ್ತಾ ಇದೆಯಾ ಅಂತ."

"ನೀವು ಮಾಡಿನಿಂದ ಇಳಿದು ಬಂದಾಗ ಕೈಯಲ್ಲಿ ರಕ್ತ ಇತ್ತು. ನಾನು ನೋಡಿದ್ದೇನೆ." ಅವರು ಎದ್ದು ಬಾಗಿಲವರೆಗೆ ಹೋಗಿ ನಿಂತರು. "ಇದನ್ನು ನನ್ನ ಮಕ್ಕಳಿಗೆ ಮಾತ್ರ ಹೇಳಬೇಡಿ ದೂಮಣ್ಣ. ಅವರಿಗೆ ಸೂರ್ಯನೇ ಇರಲಿ."

ಅವರು ಮತ್ತೆಂದೂ ಬರಲಿಲ್ಲ. ದೂಮಪ್ಪನವರು ಇನ್ನೂ ಒಂಬತ್ತು ವರ್ಷ ದುಡಿದರು. ಆ ವರ್ಷಗಳಲ್ಲಿ ನಾಲ್ಕೈದು ಬಾರಿ ನಾನು ಹಾಗೆಯೇ ಮೂಕನಾದೆ. ಅವರು ನನ್ನನ್ನು ಮುಟ್ಟಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಏನೂ ಇಲ್ಲದ್ದನ್ನು ಕೇಳುತ್ತ, ಸದ್ದು ತಿರುಗಿ ಬರುವವರೆಗೆ ಕಲ್ಲಿನ ಹಾಗೆ ಕೂತಿದ್ದರು.

ಮಂಜಿಗಳಿಗೆ ಉಪಗ್ರಹದ ಫೋನು ಬಂದಮೇಲೆ ನಾನು ಬೇಡವಾದೆ. ಗ್ರೇಸಿ ಮೇಡಂ ಕೇಳಿಕೊಂಡು ಕಾಲೇಜಿಗೆ ಒಯ್ದರು. ಈಗ ಪ್ರಯೋಗಾಲಯದ ಮೂಲೆಯಲ್ಲಿ, ಒಡೆದ ಲೋಲಕಗಳ ಪಕ್ಕ ಇದ್ದೇನೆ. ಸರೋಜಾಕ್ಷಿಯ ಬೆಸುಗೆಗಳು ಹಸಿರುಗಟ್ಟಿವೆ. ದೂಮಪ್ಪನವರು ತೀರಿಕೊಂಡರು ಎಂದು ಮೇಡಂ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. ವರ್ಷಕ್ಕೊಮ್ಮೆ ಸೌರಜ್ವಾಲೆಯ ಪಾಠ ಬಂದಾಗ ಹುಡುಗಿಯರು ನನ್ನ ಸುತ್ತ ನಿಲ್ಲುತ್ತಾರೆ. ಮೂವತ್ತೆರಡು ನಿಮಿಷದ ಮೌನವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಉಳಿದ ಅರ್ಧ ಗಂಟೆಯನ್ನು ಕಂಡವರಲ್ಲಿ ಇಲ್ಲಿರುವುದು ನಾನೊಬ್ಬನೇ. ಗಂಟೆ ಹೊಡೆಯುತ್ತದೆ, ಅವರು ಹೋಗುತ್ತಾರೆ.