ಹೊಸ ಟ್ಯಾಬ್ ನುಂಗಿದ ಅಕ್ಷರಗಳು

ಈ ಕಚೇರಿಯಲ್ಲಿ ತನ್ನ ದನಿ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲವೇನೋ ಎಂಬ ಅನುಮಾನ ಅವಳಿಗೆ ಹುಟ್ಟಿದ್ದು ಕೆಲಸಕ್ಕೆ ಸೇರಿದ ಐದನೇ ತಿಂಗಳಲ್ಲಿ. ಆ ದಿನ ಬೆಳಗಿನಿಂದ ಆಡಿದ ಮಾತುಗಳನ್ನು ಲೆಕ್ಕ ಹಾಕಿದ್ದಳು: ನಾಲ್ಕು ಹೂಂ, ಎರಡು ಆಯ್ತು, ಒಂದು ಇಲ್ಲ ಸರ್. ಊಟದ ಬಿಡುವಿನಲ್ಲಿ ಡೈರಿ ತೆರೆದು ಬರೆದಳು: ‘ಎಲ್ಲವನ್ನೂ ಬರೆಯುತ್ತೇನೆ, ಒಂದನ್ನೂ ಆಡುವುದಿಲ್ಲ. ಹೀಗೇ ಆದರೆ ಬಾಯಿಗೆ ತುಕ್ಕು ಹಿಡಿಯುತ್ತದೆ. ಯಾರೂ ಕೇಳದೆ ನಾನಾಗಿ ಒಂದು ಪೂರ್ತಿ ವಾಕ್ಯ ಆಡುವವರೆಗೆ ಇನ್ನು ಡೈರಿ ಮುಟ್ಟುವುದಿಲ್ಲ.’

ಡೈರಿ ಎಂದರೆ ಪುಸ್ತಕವಲ್ಲ. ಮನೆಯಲ್ಲಿ ತಂಗಿಯ ಕಣ್ಣು ತಪ್ಪಿಸಿ ಪುಸ್ತಕ ಇಡುವ ಜಾಗವಿರಲಿಲ್ಲ. ಬ್ರೌಸರಿಗೆ ಹಾಕಿಕೊಳ್ಳುವ ಒಂದು ಪುಟ್ಟ ಎಕ್ಸ್‌ಟೆನ್ಷನ್ ಅದು. ಹೊಸ ಟ್ಯಾಬ್ ತೆರೆದಾಗ ಮೂಲೆಯಲ್ಲಿ ಸಾಸಿವೆಯಷ್ಟು ಪೆನ್ಸಿಲ್ ಕಾಣುತ್ತದೆ. ಅದನ್ನು ಒತ್ತಿ ಗುಪ್ತಪದ ಕೊಟ್ಟರೆ ಮಾತ್ರ ಡೈರಿ ಬಿಚ್ಚಿಕೊಳ್ಳುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತದ್ದೇನನ್ನೂ ಹಾಕಬಾರದೆಂಬುದು ನಿಯಮ. ಅವಳು ಹಾಕಿದ್ದಳು. ಇಪ್ಪತ್ಮೂರು ವರ್ಷಗಳಲ್ಲಿ ಅವಳು ಮುರಿದ ನಿಯಮ ಅದೊಂದೇ ಇದ್ದೀತು.

ಅದು ಬಸ್ ಕಂಪನಿಯ ‘ಕಳೆದ ವಸ್ತುಗಳ ವಿಭಾಗ’. ಬಸ್ ನಿಲ್ದಾಣದ ಹಿಂಬದಿಯ ಉದ್ದನೆಯ ಕೋಣೆ, ಗಾಜಿನ ಕಿಟಕಿಯ ಕೌಂಟರು, ಅದರಾಚೆ ಸಾಲು ಸಾಲು ಕಪಾಟು. ಪ್ರಯಾಣಿಕರು ಮರೆತು ಹೋದ ಕೊಡೆಗಳು, ಹೆಲ್ಮೆಟ್ಟುಗಳು, ಒಂಟಿ ಚಪ್ಪಲಿಗಳು, ಒಂದು ಗಿಟಾರು, ಯಾರದ್ದೋ ಹಲ್ಲಿನ ಸೆಟ್ಟು. ಬಂದ ವಸ್ತುಗಳನ್ನು ಪಟ್ಟಿಗೆ ಸೇರಿಸುವುದು ಅವಳ ಕೆಲಸ. ಕಪಾಟು ನೋಡಿಕೊಳ್ಳುವವನು ಬೋಳುತಲೆಯ ಮಾಮ. ಅವಳಿಗೆ ‘ಪಿಸುಮಾತು’ ಎಂದು ಅಡ್ಡಹೆಸರಿಟ್ಟವನೂ ಅವನೇ. ಫೋನು ಮತ್ತು ಕಿಟಕಿ ದೊಡ್ಡಕ್ಕನದು; ಊಟದ ಬಿಡುವಿನಲ್ಲಿ ಕಿಟಕಿಯ ಕಂಪ್ಯೂಟರ್ ಅವಳ ಪಾಲಿಗೆ, ಡೈರಿ ಹಾಕಿದ್ದೂ ಅದರಲ್ಲೇ.

ದೊಡ್ಡಕ್ಕ ಯಾರಿಗೂ ಅಕ್ಕನಲ್ಲ, ಎಲ್ಲರಿಗೂ ದೊಡ್ಡಕ್ಕ. ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿ. ಕಳಕೊಂಡವರೆಲ್ಲರನ್ನೂ ಒಂದೇ ಪುಟದಲ್ಲಿ ಹುಡುಕಿ ಗುಡಿಸಿ ಹಾಕಬಾರದು, ಒಬ್ಬೊಬ್ಬರಿಗೂ ಒಂದೊಂದು ಹೊಸ ಟ್ಯಾಬು ತೆರೆಯಬೇಕು, ವಸ್ತು ಕೈಸೇರಿದ ಮೇಲಷ್ಟೇ ಅದನ್ನು ಮುಚ್ಚಬೇಕು ಎಂಬುದು ಅವರ ಕಟ್ಟಳೆ. ಹೊಸ ಟ್ಯಾಬಿನ ನೆತ್ತಿಯ ಪಟ್ಟಿಯಲ್ಲಿ ವಸ್ತುವಿನ ಹೆಸರು ಹೊಡೆದು ಎಂಟರ್ ಒತ್ತಿದರೆ, ಕಪಾಟಿನಲ್ಲಿದ್ದರೆ ವಿವರ ಬರುತ್ತದೆ, ಇಲ್ಲದಿದ್ದರೆ ಬಿಳಿ ಪುಟ. ಸಂಜೆಯ ಹೊತ್ತಿಗೆ ಪರದೆಯ ಮೇಲಂಚು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತಿತ್ತು. ಟೈಪ್‌ರೈಟರಿನ ಕಾಲದಲ್ಲಿ ಕಲಿತ ಕೈ ದೊಡ್ಡಕ್ಕನದು. ಕಣ್ಣು ಕಿಟಕಿಯಾಚೆಯವರ ಮುಖದ ಮೇಲೆ. ಕೀಲಿಮಣೆಯ ಮೇಲೆ ಬೆರಳುಗಳದ್ದೇ ರಾಜ್ಯಭಾರ. ಅತ್ತ ಎದುರಿನವರು ‘ನೀಲಿ ಬ್ಯಾಗು’ ಎನ್ನುವಷ್ಟರಲ್ಲಿ ಇತ್ತ ಅದು ಹೊಡೆದು ಮುಗಿದಿರುತ್ತಿತ್ತು.

ತೊಂದರೆ ಶುರುವಾದದ್ದು ಕಿವಿ ಯಂತ್ರದಿಂದ. ಒಬ್ಬಾಕೆ ಮಾವನ ಎಡಗಿವಿಯ ಯಂತ್ರ ಬಸ್ಸಿನಲ್ಲಿ ಬಿದ್ದಿದೆಯೆಂದು ಮೂರು ದಿನ ಫೋನು ಮಾಡಿದರು. ಮೂರು ದಿನವೂ ದೊಡ್ಡಕ್ಕ ಹೊಡೆದು, ಬಿಳಿ ಪುಟ ನೋಡಿ, ಇಲ್ಲವೆಂದರು. ನಾಲ್ಕನೇ ದಿನ ಆಕೆ ಖುದ್ದು ಬಂದು ಕಿಟಕಿಯಲ್ಲಿ ಇಣುಕಿದಾಗ, ಮಾಮ ಅದೇ ಯಂತ್ರವನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದ. ಆ ಮುದುಕರು ಮೂರು ದಿನದಿಂದ ಮನೆಯಲ್ಲಿ ಮಾತು ಬಿಟ್ಟು ಕೂತಿದ್ದಾರಂತೆ. ಆಕೆ ಜಗಳವಾಡಲಿಲ್ಲ, ದೂರು ಬರೆದಿಟ್ಟು ಹೋದರು.

ಹುಡುಕಿದರೆ ಅಂಥವು ಇನ್ನೂ ಆರು ಸಿಕ್ಕವು. ಸೂಪರ್‌ವೈಸರ್ ಕೆಟ್ಟವರಲ್ಲ, ಮೂಗೆಳೆದುಕೊಳ್ಳುತ್ತಲೇ, ದೊಡ್ಡಕ್ಕನಿಗೆ ದಣಿವಾಗಿರಬಹುದು, ಕಪಾಟಿನ ಕಡೆ ಹಗುರವಾದ ಕೆಲಸ ಕೊಡೋಣ, ಶುಕ್ರವಾರ ಕಾಗದಕ್ಕೆ ಸಹಿ ಹಾಕಿದರೆ ಸಾಕು ಎಂದರು. ದೊಡ್ಡಕ್ಕ ಹೂಂ ಎಂದರು. ಆ ಹೂಂ ಅವಳಿಗೆ ಪರಿಚಿತವಾದದ್ದು, ಅವಳದೇ ಥರದ್ದು.

ಗುರುವಾರ ಮಧ್ಯಾಹ್ನ ದೊಡ್ಡಕ್ಕ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

“ಹೊಡೆದೆ ಅಂತಾನೇ ಅಂದ್ಕೋತೀನಿ ಕಣೇ. ಆಮೇಲೆ ನೋಡಿದ್ರೆ ಅಲ್ಲಿ ಏನೂ ಇರಲ್ಲ. ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ಮೊದಲು ಒಲೆ ಆರಿಸೋದು ಮರೆತಳು, ಕೊನೆಗೆ ನನ್ನ ಹೆಸರು.” ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ನೀನು ಓದಿದವಳು. ತಪ್ಪು ಯಂತ್ರದ್ದೋ ನಂದೋ ನೋಡಿ ಹೇಳು. ನಂದೇ ಆದ್ರೂ ಹೇಳು.”

ಅವಳು ತಲೆಯಾಡಿಸಿದಳು. ಎಲ್ಲರೂ ಊಟಕ್ಕೆ ಹೋದ ಮೇಲೆ ದೊಡ್ಡಕ್ಕನ ಕುರ್ಚಿಯಲ್ಲಿ ಕೂತು ಹೊಸ ಟ್ಯಾಬ್ ತೆರೆದಳು. ಮೌಸಿನಿಂದ ನೆತ್ತಿಯ ಪಟ್ಟಿಯನ್ನು ಒತ್ತಿ, ಒಂದೊಂದೇ ಅಕ್ಷರ ನೋಡುತ್ತ ‘ಕೊಡೆ’ ಎಂದು ಹೊಡೆದಳು. ಕೊಡೆಗಳೆಲ್ಲ ಬಂದವು. ಇನ್ನೊಂದು ಸಲ, ಬಂದವು. ಮಾಮನ ಕೀಲಿಮಣೆ ತಂದು ಸಿಕ್ಕಿಸಿದಳು. ಆಗಲೂ ಬಂದವು. ಯಂತ್ರದಲ್ಲಿ ಏನೂ ದೋಷವಿಲ್ಲ ಎನ್ನಿಸಿತು. ಇದನ್ನು ದೊಡ್ಡಕ್ಕನಿಗೆ ಯಾವ ಬಾಯಲ್ಲಿ ಹೇಳುವುದು?

ಆಮೇಲೆ ಹೊಳೆಯಿತು: ತಾನು ತನ್ನ ಹಾಗೆ ಹೊಡೆಯುತ್ತಿದ್ದೇನೆ, ಅವರ ಹಾಗಲ್ಲ. ಬೆನ್ನು ನೆಟ್ಟಗೆ ಮಾಡಿ, ಕಿಟಕಿಯಾಚೆ ಯಾರೋ ನಿಂತಿದ್ದಾರೆಂದುಕೊಂಡು, ಟ್ಯಾಬ್ ತೆರೆದ ಕ್ಷಣಕ್ಕೇ ಮೌಸು ಮುಟ್ಟದೆ ಸರಸರನೆ ಹೊಡೆದು ಎಂಟರ್ ಒತ್ತಿದಳು.

ಬಿಳಿ ಪುಟ. ನೆತ್ತಿಯ ಪಟ್ಟಿಯೂ ಖಾಲಿ. ಹೊಡೆದ ಅಕ್ಷರಗಳು ಎಲ್ಲಿಗೋ ಹೋಗಿದ್ದವು.

ಹಳೆಯ ಟ್ಯಾಬಿನಲ್ಲಿ ಹಾಗೇ ಹೊಡೆದು ನೋಡಿದಳು, ಸರಿಯಿತ್ತು. ಎಕ್ಸ್‌ಟೆನ್ಷನ್‌ಗಳು ಓಡದ ಖಾಸಗಿ ಕಿಟಕಿಯಲ್ಲಿ ನೋಡಿದಳು, ಸರಿಯಿತ್ತು. ಅಂದರೆ ಎಕ್ಸ್‌ಟೆನ್ಷನ್‌ಗಳಲ್ಲೇ ಯಾವುದೋ ಒಂದು, ಹೊಸ ಟ್ಯಾಬ್ ತೆರೆದ ಅರೆಕ್ಷಣದಲ್ಲಿ ಅಕ್ಷರಗಳನ್ನು ಎಗರಿಸುತ್ತಿದೆ. ಅವುಗಳ ಪಟ್ಟಿ ತೆರೆದಳು. ನಾಲ್ಕಿದ್ದವು. ಜಾಹೀರಾತು ತಡೆಯುವುದನ್ನು ಆಫ್ ಮಾಡಿ ನೋಡಿದಳು, ಅಕ್ಷರ ಮಾಯ. ನಿಘಂಟಿನದನ್ನು ಆಫ್ ಮಾಡಿದಳು; ಮಾಯ. ಪರದೆಯ ಚಿತ್ರ ತೆಗೆಯುವುದನ್ನು ಆಫ್ ಮಾಡಿದಳು, ಮಾಯ. ಉಳಿದದ್ದು ಸಾಸಿವೆಯಷ್ಟು ಪೆನ್ಸಿಲ್ ಒಂದೇ.

ಅದನ್ನು ಆಫ್ ಮಾಡಿದಳು. ‘ಕೊಡೆ’ ನೆತ್ತಿಯ ಪಟ್ಟಿಯಲ್ಲಿ ಜಗ್ಗದೆ ನಿಂತಿತು. ಮತ್ತೆ ಆನ್ ಮಾಡಿದಳು, ಮಾಯ. ಪಕ್ಕದಲ್ಲೇ ಸಣ್ಣ ಸೂಚನೆ: ಹೊಸ ಆವೃತ್ತಿ ಬಂದು ಒಂಬತ್ತು ದಿನ. ಆ ಒಂಬತ್ತು ದಿನವೂ ಶಪಥದ ನೆಪದಲ್ಲಿ ಅವಳು ಅದನ್ನು ತೆರೆದಿರಲಿಲ್ಲ.

ಈಗ ತೆರೆದಳು. ‘ಡೈರಿ ಮುಟ್ಟುವುದಿಲ್ಲ’ ಎಂಬ ತನ್ನ ಕೊನೆಯ ಸಾಲಿನ ಕೆಳಗೆ, ಬೇರೆಯವರ ಸಾಮಾನುಗಳೆಲ್ಲ ಬಂದು ಕೂತಿದ್ದವು.

‘ಕಪ್ಪು ಕೊಡೆ ಮರದ ಹಿಡಿ. ಕಿವಿ ಯಂತ್ರ ಎಡ. ಕಿವಿ ಯಂತ್ರ ಎಡ. ಕನ್ನಡಕ ಕೆಂಪು ಡಬ್ಬಿ. ಕಿವಿ ಯಂತ್ರ ಎಡ.’ ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಹೊಸ ಆವೃತ್ತಿ, ಹೊಸ ಟ್ಯಾಬ್ ತೆರೆದೊಡನೆ ಹೊಡೆದದ್ದನ್ನೆಲ್ಲ ಮುಚ್ಚಿದ ಡೈರಿಯೊಳಕ್ಕೇ ಎಳೆದುಕೊಂಡಿತ್ತು. ಇನ್ನೂ ಕೆಳಗೆ, ನಿನ್ನೆ ಸಂಜೆಯ ಹೊತ್ತಿನಲ್ಲಿ, ಯಾವ ವಸ್ತುವೂ ಅಲ್ಲದ ಒಂದು ಸಾಲಿತ್ತು: ‘ನಾನು ಹೊಡೀತಾ ಇದೀನಿ ನಾನು ಹೊಡೀತಾ ಇದೀನಿ ನಾನು ಹೊಡೀತಾ ಇದೀನಿ.’

ಆ ಸಾಲನ್ನು ಅವಳು ಎರಡು ಸಲ ಓದಿದಳು. ಎಕ್ಸ್‌ಟೆನ್ಷನ್ ಕಿತ್ತುಹಾಕುವ ಗುಂಡಿಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಳು. ಕಿತ್ತರೆ ಡೈರಿಯೂ ಹೋಗುತ್ತದೆ, ಗುಟ್ಟೂ ಹೋಗುತ್ತದೆ, ಎಲ್ಲ ಸುಖ. ಆದರೆ ಆ ಸಾಲೂ ಹೋಗುತ್ತದೆ. ಒತ್ತಲಾರದೆ, ಬರೀ ಆಫ್ ಮಾಡಿ ಎದ್ದಳು. ದೊಡ್ಡಕ್ಕ ಬಂದಾಗ ನೆಲ ನೋಡುತ್ತ, “ಯಂತ್ರದ್ದೇ ಇರಬೇಕು, ಈಗ ಸರಿಹೋಗಿದೆ” ಎಂದು ಗೊಣಗಿದಳು. ಏನಾಗಿತ್ತು ಎಂದು ಅವರು ಕೇಳಿದಾಗ ಮಾಮನ ಕೀಲಿಮಣೆಯ ತಂತಿ ಸುತ್ತತೊಡಗಿದಳು. ದೊಡ್ಡಕ್ಕ ಅವಳ ಕೈ ತಟ್ಟಿ ನಕ್ಕರು. ಸಮಾಧಾನಕ್ಕೆ ಹೇಳಿದ ಮಾತೆಂದೇ ತಿಳಿದರು.

ರಾತ್ರಿ ತಂಗಿ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಅವಳು ಎಲ್ಲವನ್ನೂ ಯೋಚಿಸಿ ನೋಡಿದಳು. ನಂಬಿಸಬೇಕೆಂದರೆ ಡೈರಿಯನ್ನು ಎಲ್ಲರೆದುರು ಬಿಚ್ಚಬೇಕು. ಅದರಲ್ಲಿ ಸೂಪರ್‌ವೈಸರ್ ಮೂಗೆಳೆಯುವುದನ್ನು ಎಣಿಸಿದ ಲೆಕ್ಕವಿದೆ. ಮಾಮನ ತಲೆಯಲ್ಲಿ ಮುಖ ನೋಡಿ ಬೈತಲೆ ತೆಗೆಯಬಹುದು ಎಂಬ ಮಾತಿದೆ. ಎಲ್ಲಕ್ಕಿಂತ ಮಿಗಿಲಾಗಿ ಅವಳೇ ಇದ್ದಾಳೆ, ಪುಟಪುಟದಲ್ಲೂ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಓದಿಬಿಟ್ಟರೆ ಮುಖ ಎಲ್ಲಿಡುವುದು? ಸುಮ್ಮನಿದ್ದರೂ ಅಕ್ಷರಗಳು ಇನ್ನು ಮಾಯವಾಗುವುದಿಲ್ಲವಲ್ಲ, ತಾನಾಗಿಯೇ ಎಲ್ಲ ತಿಳಿಯಾಗುತ್ತದೆ ಎಂದು ಹೊದಿಕೆ ಎಳೆದುಕೊಂಡಳು.

ಶುಕ್ರವಾರ ಬೆಳಗಿನಿಂದ ದೊಡ್ಡಕ್ಕನ ಕೈಯಿಂದ ಒಂದೂ ತಪ್ಪಾಗಲಿಲ್ಲ. ಹನ್ನೊಂದು ಟ್ಯಾಬ್, ಹನ್ನೊಂದೂ ಸರಿ. ಮಾಮ ಒಂದು ಹೆಲ್ಮೆಟ್ ಹಾಕಿಕೊಂಡು ಬಂದು, ಇದರ ಒಳಗಿರುವ ತಲೆ ಯಾರಾದರೂ ಕೇಳಿದರಾ ನೋಡಿ ಎಂದ. ಅವಳೂ ನಕ್ಕಳು. ದೊಡ್ಡಕ್ಕ ಮಾತ್ರ ನಗಲಿಲ್ಲ.

“ಇವತ್ತು ಚೆನ್ನಾಗಿದೆ,” ಎಂದರು. “ನಮ್ಮಕ್ಕನಿಗೂ ಒಂದೊಂದು ದಿನ ಚೆನ್ನಾಗೇ ಇರ್ತಿತ್ತು.”

ಸೂಪರ್‌ವೈಸರ್ ಮೂಗೆಳೆಯುತ್ತ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು. ಅವಸರವಿಲ್ಲ, ಓದಿಕೊಂಡು ಸಹಿ ಮಾಡಿ ಎಂದರು. ಓದುವುದೇನಿದೆ, ಮುಂದಿನ ವಾರ ವೈದ್ಯರ ಹತ್ತಿರವೂ ಹೋಗುವವಳಿದ್ದೇನೆ ಎನ್ನುತ್ತ ದೊಡ್ಡಕ್ಕ ಪೆನ್ನಿನ ಮುಚ್ಚಳ ತೆಗೆದರು. ಕೀಲಿಮಣೆಯ ಮೇಲೆ ಎಂದೂ ತಡವರಿಸದ ಬೆರಳುಗಳು ಸಹಿಯ ಜಾಗ ಹುಡುಕುತ್ತ ಕಾಗದದ ಮೇಲೆ ತಡವರಿಸಿದವು.

ಅವಳ ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಮೂವರೂ ತಿರುಗಿದರು. ಅವಳು ಎದ್ದು ಬಂದು ಕಾಗದದ ಮೇಲೆ ಅಂಗೈ ಊರಿದಳು. ಬಾಯಿ ತೆರೆದರೆ ಪಿಸುಮಾತೇ ಬಂದೀತು ಎಂದುಕೊಂಡಿದ್ದಳು. ಬಂದದ್ದು ಕಿಟಕಿಯಾಚೆ ನಿಂತವರಿಗೂ ಕೇಳುವಂಥ ದನಿ.

“ದೊಡ್ಡಕ್ಕ, ನೀವು ಹೊಡೆದಿದ್ರಿ, ಒಂದಕ್ಷರಾನೂ ಬಿಟ್ಟಿಲ್ಲ. ಎಲ್ಲಾ ನನ್ನ ಡೈರಿ ಒಳಗೆ ಹೋಗಿದೆ, ಅದನ್ನ ಈ ಕಂಪ್ಯೂಟರಿಗೆ ಹಾಕಿದ್ದು ನಾನೇ.”